ಶಾಂತಿಗಾಗಿ ದೀಪ ಹಿಡಿದು ನಿಲ್ಲುವ ಸಂಜೆ: ಬೆಳಗಾವಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ತಿಂಗಳಿಗೊಂದು ಸಂಜೆ, ವರ್ಷದ ಕೆಲವು ನಿಗದಿತ ದಿನಗಳೂ ಅದರಲ್ಲೇ ಸೇರಿ, ನಾವೊಂದಿಷ್ಟು ಜನ ಯುದ್ಧ ಮತ್ತು ಗಲಭೆಗಳಲ್ಲಿ ಸತ್ತವರನ್ನು ನೆನೆದು ದೀಪ ಹಿಡಿದು ಮೌನವಾಗಿ ನಿಲ್ಲುತ್ತೇವೆ. ಬರಬೇಕೆಂದು ಮನಸ್ಸಿದ್ದವರು ಕೇಳುವ ಪ್ರಶ್ನೆಗಳು ಬಹುಪಾಲು ಯುದ್ಧದ ಬಗ್ಗೆ ಇರುವುದಿಲ್ಲ. "ಅತ್ತಿಯವರಿಗೆ ಏನ್ ಹೇಳ್ಲಿ?", "ತಮ್ಮ ಮಿಲಿಟ್ರಿಯೊಳಗ ಅದಾನ, ನಾ ಬರೋದು ಸರಿ ಆಗ್ತದೇನ್ರಿ?", "ಗೆಳತಿ ಮಾತು ಬಿಟ್ಟಾಳ, ಏನ್ ಮಾಡ್ಲಿ?" ಇಂಥವೇ ಹೆಚ್ಚು. ಆದ್ದರಿಂದ ಇಲ್ಲಿ ಮನೆ, ಬಳಗ, ಗೆಳೆತನದ ಮಾತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಲ್ಲಿ ನೀವು ಮಾಡುವುದಾದರೂ ಏನು?

ನಿಲ್ಲುತ್ತೇವೆ. ಅರ್ಧ ತಾಸು, ಮಾತಿಲ್ಲದೆ. ಭಾಷಣ, ಘೋಷಣೆ, ಮೈಕು ಯಾವುದೂ ಇಲ್ಲ. ಯಾವ ಪಕ್ಷದ ಬಾವುಟವನ್ನೂ ತರುವಂತಿಲ್ಲ. ಕೈಯಲ್ಲಿ ದೀಪ, ಒಂದೆರಡು ಫಲಕ. ಕೊನೆಗೆ ಒಬ್ಬರು ಆ ದಿನ ಯಾರನ್ನು ನೆನೆಯುತ್ತಿದ್ದೇವೆ ಎಂಬ ನಾಲ್ಕು ಸಾಲು ಓದುತ್ತಾರೆ. ಆಮೇಲೆ ಹತ್ತಿರದ ಗಾಡಿಯಲ್ಲಿ ಚಹಾ ಕುಡಿದು ಮನೆಗೆ ಹೊರಡುತ್ತೇವೆ. ಆ ಚಹಾದ ಹೊತ್ತನ್ನು ದಯವಿಟ್ಟು ತಪ್ಪಿಸಬೇಡಿ. ಮೌನದಲ್ಲಿ ಪಕ್ಕದಲ್ಲಿ ನಿಂತವರ ಹೆಸರು, ಊರು, ಮನೆತನ ತಿಳಿಯುವುದು ಅಲ್ಲೇ.

ಪೊಲೀಸ್ ಠಾಣೆಯಲ್ಲಿ ಗಣೇಶ ಹಬ್ಬ, ಈದ್ ಮುಂಚೆ ಕರೆಯುವ ಶಾಂತಿ ಸಭೆ ಇದೇನಾ?

ಅಲ್ಲ. ಅದು ಮೆರವಣಿಗೆಯ ದಾರಿ, ಡಾಲ್ಬಿ ಸದ್ದು, ಸಮಯ ಇತ್ಯಾದಿಗಳ ಬಗ್ಗೆ ಅಧಿಕಾರಿಗಳು ಹಿರಿಯರನ್ನೂ ಮಂಡಳದವರನ್ನೂ ಕೂರಿಸಿ ಮಾತಾಡುವ ಸಭೆ. ಬೇಕಾದದ್ದೇ. ನಮ್ಮಲ್ಲಿ ಬರುವ ಕೆಲವರು ಅದಕ್ಕೂ ಹೋಗುತ್ತಾರೆ. ನಮ್ಮದಕ್ಕೆ ಕರೆಯುವ ಅಧಿಕಾರಿ ಇಲ್ಲ, ಬರಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಇಂಥ ಪದ್ಧತಿ ಎಲ್ಲಿಂದ ಬಂತು?

ಸತ್ತವರಿಗೆ ದೀಪ ಇಡುವುದು ನಮ್ಮ ಯಾವ ಮನೆಗೂ ಹೊಸದಲ್ಲ. ಅದನ್ನು ರಸ್ತೆಗೆ ತಂದು, ಎಲ್ಲರೂ ನೋಡುವಂತೆ, ವಾರವಾರವೂ ತಪ್ಪದೆ ನಿಲ್ಲುವುದನ್ನು ಬೇರೆ ಬೇರೆ ಊರಿನ ಜನ ಬೇರೆ ಬೇರೆ ಸಂಕಟದಲ್ಲಿ ಕಂಡುಕೊಂಡರು.

1988ರ ಜನವರಿಯಲ್ಲಿ ಜೆರುಸಲೇಮಿನ ಕೆಲವು ಇಸ್ರೇಲಿ ಮಹಿಳೆಯರು ಕಪ್ಪು ಬಟ್ಟೆ ಉಟ್ಟು, ತಮ್ಮದೇ ಸರ್ಕಾರ ಪ್ಯಾಲೆಸ್ತೀನಿಯರ ನೆಲದ ಮೇಲೆ ಹಿಡಿತ ಇಟ್ಟುಕೊಂಡದ್ದನ್ನು ವಿರೋಧಿಸಿ, ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ತಾಸು ಚೌಕದಲ್ಲಿ ನಿಂತರು. ಹೋಗಿಬರುವವರು ಕೆಟ್ಟದಾಗಿ ಬೈದರೂ ಅವರು ತಿರುಗಿ ಬೈಯಲಿಲ್ಲ, ಮುಂದಿನ ಶುಕ್ರವಾರ ಮತ್ತೆ ಬಂದರು. ಯುಗೊಸ್ಲಾವಿಯ ಒಡೆದು ಯುದ್ಧ ಶುರುವಾದಾಗ, 1991ರ ಅಕ್ಟೋಬರ್ 9ರಿಂದ ಸರ್ಬಿಯಾದ ಬೆಲ್‌ಗ್ರೇಡಿನ ಮಹಿಳೆಯರು ಅದೇ ರೀತಿ ನಿಂತರು. ಕೊಲ್ಲುತ್ತಿದ್ದದ್ದು ತಮ್ಮ ಕಡೆಯವರೇ ಆಗಿದ್ದಾಗ ಅದನ್ನು ಹೇಳುವುದು ಎಷ್ಟು ಕಷ್ಟ ಎಂದು ನೆನೆದರೆ ಅವರ ಧೈರ್ಯ ಅರ್ಥವಾಗುತ್ತದೆ. 'ವಿಮೆನ್ ಇನ್ ಬ್ಲ್ಯಾಕ್', ಅಂದರೆ ಕಪ್ಪುಡುಗೆಯ ಮಹಿಳೆಯರು, ಎಂಬ ಹೆಸರಿನ ಈ ಮೌನ ನಿಲುವು ಮುಂದೆ ಬೆಂಗಳೂರಿಗೂ ಬಂತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಆಗ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿಯ ಲೈಪ್‌ಜಿಗ್ ಊರಿನದು. ಅಲ್ಲಿನ ಸಂತ ನಿಕೊಲಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಎಷ್ಟೋ ಸೋಮವಾರ ಬೆರಳೆಣಿಕೆಯ ಜನ. 1989ರ ಅಕ್ಟೋಬರ್ 9ರಂದು ಅದೇ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಬೀದಿಯಲ್ಲಿದ್ದರು. ಪೊಲೀಸರು ಗುಂಡು ಹಾರಿಸಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು. ಆ ಚರ್ಚಿನ ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಆಮೇಲೆ ಹೇಳುತ್ತಿದ್ದ ಮಾತಿನ ಸಾರ ಇಷ್ಟು: ಮೇಣದ ಬತ್ತಿ ಹಿಡಿಯಲು ಎರಡೂ ಕೈ ಬೇಕು, ಒಂದು ಹಿಡಿಯಲು, ಇನ್ನೊಂದು ಗಾಳಿಗೆ ಅಡ್ಡ ಹಿಡಿಯಲು. ಕಲ್ಲು ಎತ್ತಲು ಕೈ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಮತ್ತವರ ಗೆಳೆಯರು 1990ರ ದಶಕದಿಂದ ಆಗಸ್ಟ್ 14ರ ನಡುರಾತ್ರಿ ವಾಘಾ ಗಡಿಯಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದರು. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಸಿಯಾಲಕೋಟದಿಂದ ಬಂದವರು ಅವರು. ನೋವು ಉಂಡವರೇ ಹಾಗೆ ನಿಲ್ಲುವಾಗ ಅದನ್ನು ತಿಳಿಗೇಡಿತನ ಎಂದು ತಳ್ಳಿಹಾಕುವುದು ನನಗಂತೂ ಆಗುವುದಿಲ್ಲ.

ಬೆಳಗಾವಿಯಲ್ಲಿ ಇದಕ್ಕೆ ಏನು ಸಂಬಂಧ? ಯುದ್ಧ ಎಲ್ಲೋ ದೂರ ನಡೆಯುತ್ತದಲ್ಲ?

1924ರ ಡಿಸೆಂಬರಿನಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಇಲ್ಲಿಗೆ ಬಂದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಟಿಳಕವಾಡಿಯ ವೀರಸೌಧ ಮತ್ತು ಆ ಅಧಿವೇಶನಕ್ಕೆಂದೇ ತೋಡಿದ ಬಾವಿಯನ್ನು ಶಾಲೆಯ ಮಕ್ಕಳೆಲ್ಲ ನೋಡಿರುತ್ತಾರೆ. ಅದಕ್ಕೆ ಮೂರು ತಿಂಗಳು ಮುಂಚೆ, ಈಗ ಪಾಕಿಸ್ತಾನದಲ್ಲಿರುವ ಕೊಹಾಟ್ ಊರಿನ ಗಲಭೆಯ ಬೆನ್ನಿಗೆ, ಗಾಂಧೀಜಿ ದಿಲ್ಲಿಯಲ್ಲಿ ಮೌಲಾನಾ ಮೊಹಮ್ಮದ್ ಅಲಿ ಅವರ ಮನೆಯಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ 21 ದಿನದ ಉಪವಾಸ ಶುರು ಮಾಡಿದ್ದರು. ಆ ಉಪವಾಸದ ನಂತರದ ದೇಹವನ್ನು ಹೊತ್ತುಕೊಂಡೇ ಅವರು ಬೆಳಗಾವಿಗೆ ಬಂದದ್ದು. ಬಾವಿ ತೋರಿಸುವಾಗ ಈ ಕಥೆಯನ್ನೂ ಮಕ್ಕಳಿಗೆ ಹೇಳಿ.

ನಮ್ಮ ಕೋಟೆಯೊಳಗೆ ಕಮಲ ಬಸದಿ, ದುರ್ಗೆಯ ಗುಡಿ, ಸಫಾ ಮಸೀದಿ, ರಾಮಕೃಷ್ಣ ಆಶ್ರಮ ಎಲ್ಲವೂ ನಡೆದು ಹೋಗುವಷ್ಟು ಅಂತರದಲ್ಲಿವೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತಾಡುವ ಮನೆಗಳು ಒಂದೇ ಗಲ್ಲಿಯಲ್ಲಿವೆ. ಇಂಥ ಊರಿನಲ್ಲಿ ದೂರದ ಯುದ್ಧದ ಸುದ್ದಿ ದೂರದಲ್ಲೇ ಉಳಿಯುವುದಿಲ್ಲ. ಗಾಜಾ, ಉಕ್ರೇನ್, ಮಣಿಪುರ, ಪಹಲ್ಗಾಮ್ ಯಾವುದೇ ಇರಲಿ, ಮಾರನೇ ದಿನ ಅಂಗಡಿಯ ಕಟ್ಟೆಯ ಮೇಲೆ ಅದೇ ಮಾತು, ಆ ಮಾತಿನಲ್ಲಿ ನಮ್ಮ ಪಕ್ಕದ ಮನೆಯವರೂ ಬಂದುಬಿಡುತ್ತಾರೆ.

ಯಾವ ದಿನ, ಎಷ್ಟು ಹೊತ್ತಿಗೆ?

ಜನವರಿ 30, ಗಾಂಧೀಜಿ ಹತ್ಯೆಯಾದ ದಿನ. ಅಂದು ಬೆಳಿಗ್ಗೆ 11ಕ್ಕೆ ದೇಶವೆಲ್ಲ ಎರಡು ನಿಮಿಷ ಮೌನ ಆಚರಿಸುತ್ತದೆ, ನಮ್ಮದು ಸಂಜೆ. ಆಗಸ್ಟ್ 6, ಹಿರೋಶಿಮಾ. ಸೆಪ್ಟೆಂಬರ್ 21, ವಿಶ್ವಸಂಸ್ಥೆಯ ಶಾಂತಿ ದಿನ. ಅಕ್ಟೋಬರ್ 2. ಉಳಿದ ತಿಂಗಳುಗಳಲ್ಲಿ ಹಬ್ಬ, ಪರೀಕ್ಷೆ, ಮದುವೆ ಮುಹೂರ್ತ ನೋಡಿಕೊಂಡು ಒಂದು ದಿನ.

ಹೊತ್ತಿನ ಬಗ್ಗೆ ಬಹಳ ಚರ್ಚೆ ಆಗಿದೆ. ಬೆಳಗಾವಿಯಲ್ಲಿ ಸೂರ್ಯ ಡಿಸೆಂಬರಿನಲ್ಲಿ ಆರರ ಸುಮಾರಿಗೆ ಮುಳುಗಿದರೆ ಜೂನ್‌ನಲ್ಲಿ ಏಳರ ಸುಮಾರಿಗೆ ಮುಳುಗುತ್ತಾನೆ. ಗಡಿಯಾರದ ಹೊತ್ತು ಇಟ್ಟುಕೊಂಡರೆ ವರ್ಷದ ಅರ್ಧದಷ್ಟು ದಿನಗಳಲ್ಲಿ ಒಬ್ಬರಿಗೆ ಮಗ್ರಿಬ್ ನಮಾಜಿಗೆ ಅಡ್ಡ ಬರುತ್ತಿತ್ತು, ಇನ್ನೊಬ್ಬರಿಗೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಡ್ಡ ಬರುತ್ತಿತ್ತು. ಈಗ ಸೂರ್ಯ ಮುಳುಗಿ ಅರ್ಧ ತಾಸಿನ ಮೇಲೆ ಎಂದು ಮಾಡಿಕೊಂಡಿದ್ದೇವೆ. ರಮಜಾನಿನಲ್ಲಿ ಇಫ್ತಾರ್ ಆದ ಮೇಲೆಯೇ.

ಸಂಜೆ ಹೊತ್ತು ಮನೆ ಬಿಟ್ಟು ಬರುವುದು ಹೆಂಗಸರಿಗೆ ಹೇಗೆ ಸಾಧ್ಯ?

ಇದು ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ, ಎಲ್ಲಕ್ಕಿಂತ ನ್ಯಾಯವಾದದ್ದೂ ಹೌದು. ಆ ಹೊತ್ತಿಗೇ ನಳ ಬರುತ್ತದೆ, ಮಕ್ಕಳು ಟ್ಯೂಷನ್‌ನಿಂದ ಬರುತ್ತಾರೆ, ರೊಟ್ಟಿ ಬಡಿಯಬೇಕು, ಮಾವನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಡಬೇಕು. ವಡಗಾವಿ, ಖಾಸಬಾಗ ಕಡೆಯ ಮಗ್ಗದ ಮನೆಗಳಲ್ಲಿ ಕೆಲಸಕ್ಕೆ ಸಂಜೆ ಎಂಬುದೇ ಇಲ್ಲ.

ನಮ್ಮಲ್ಲಿ ಬರುವವರು ಮಾಡಿಕೊಂಡ ಏರ್ಪಾಡುಗಳನ್ನು ಹೇಳುತ್ತೇನೆ. ಒಬ್ಬರು ಅಂದು ಮಧ್ಯಾಹ್ನವೇ ರೊಟ್ಟಿ ಮಾಡಿಟ್ಟು, ಶೇಂಗಾ ಚಟ್ನಿ ಮೊಸರಿನ ಮೇಲೆ ರಾತ್ರಿ ಊಟ ಮುಗಿಸುತ್ತಾರೆ. ಮನೆಯವರು ಅದನ್ನು ಒಪ್ಪಿಕೊಂಡಿದ್ದಾರೆ, ತಿಂಗಳಿಗೊಂದು ದಿನ ತಾನೇ. ಇಬ್ಬರು ನೆಗೆಣ್ಣಿಯರು ಸರದಿ ಹಾಕಿಕೊಂಡಿದ್ದಾರೆ, ಈ ಸಲ ಇವರು ಬಂದರೆ ಮುಂದಿನ ಸಲ ಅವರು. ಒಬ್ಬ ಹಿರಿಯರು ಹೆಂಡತಿಯನ್ನು ಕಳಿಸಿ ತಾವು ಮನೆಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳುತ್ತಾರೆ. ದೀಪ ಹಿಡಿಯದ ಆ ಹಿರಿಯರನ್ನು ನಾವು ನಮ್ಮವರೆಂದೇ ಲೆಕ್ಕ ಹಿಡಿಯುತ್ತೇವೆ.

ಗಂಡಸರಿಗೆ ಒಂದು ಮಾತು. ನೀವು ಚೌಕದಲ್ಲಿ ಶಾಂತಿಗಾಗಿ ನಿಂತಾಗ ಮನೆಯಲ್ಲಿ ಹೆಂಡತಿ ಒಬ್ಬಳೇ ಒಲೆಯ ಮುಂದೆ ನಿಂತಿದ್ದರೆ ಮುಂದಿನ ಸಲ ಅವರನ್ನು ಕಳಿಸಿ, ನೀವು ಕುಕ್ಕರ್ ಇಡಿ. ಇದನ್ನು ಕಟ್ಟುನಿಟ್ಟಾಗಿಯೇ ಹೇಳುತ್ತಿದ್ದೇನೆ.

ಸುತ್ತಲಿನ ಹಳ್ಳಿಗಳಿಂದ ಬರುವ ಮಹಿಳೆಯರಿಗೆ ಶಕ್ತಿ ಯೋಜನೆಯಿಂದಾಗಿ, ಅಂದರೆ 2023ರ ಜೂನ್‌ನಿಂದ, ಬಸ್ಸಿನ ಖರ್ಚು ಇಲ್ಲ. ಬಸ್ಸಿನ ಹೊತ್ತು ಮಾತ್ರ ನೋಡಿಕೊಳ್ಳಿ. ಕೊನೆಯ ಬಸ್ಸಿನ ಆತಂಕದಲ್ಲಿ ನಿಲ್ಲುವುದಕ್ಕಿಂತ ಹತ್ತು ನಿಮಿಷ ಮುಂಚೆ ಹೊರಡುವುದು ಒಳ್ಳೆಯದು. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮನೆಯವರಿಗೆ ಇಷ್ಟವಿಲ್ಲ. ಹೇಳದೆ ಬರಬಹುದೇ?

ಸುಳ್ಳು ಹೇಳಿ ಬರಬೇಡಿ. ಗುಡಿಗೆ ಹೋಗಿದ್ದೆ, ದರ್ಗಾಕ್ಕೆ ಹೋಗಿದ್ದೆ ಎಂದು ಹೇಳಿ ಬಂದರೆ ಯಾರೋ ನೋಡಿದವರು ಹೇಳಿಯೇ ಹೇಳುತ್ತಾರೆ, ಬೆಳಗಾವಿ ಅಷ್ಟು ದೊಡ್ಡ ಊರಲ್ಲ. ಆಮೇಲೆ ಮನೆಯಲ್ಲಿ ಚರ್ಚೆ ಶಾಂತಿಯ ಬಗ್ಗೆ ಉಳಿಯುವುದಿಲ್ಲ, ನಿಮ್ಮ ಸುಳ್ಳಿನ ಬಗ್ಗೆ ಆಗುತ್ತದೆ.

ಅತ್ತೆಯವರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಬರುವುದು ಎಷ್ಟೋ ಮನೆಗಳಲ್ಲಿ ಫಲ ಕೊಟ್ಟಿದೆ. ಅವರ ಭಯ ಬೇರೆಯೇ ಇರುತ್ತದೆ: ಪೊಲೀಸರು ಹಿಡಿಯುತ್ತಾರೋ, ಪೇಪರಿನಲ್ಲಿ ಫೋಟೋ ಬರುತ್ತದೋ, ಬೀಗರು ಏನೆನ್ನುತ್ತಾರೋ. ಬಂದು ನೋಡಿದರೆ ಅರ್ಧ ಭಯ ಹೋಗುತ್ತದೆ. ಹಾಗೆ ಬಂದ ಒಬ್ಬ ಆಯಿ ಎಲ್ಲ ಮುಗಿದ ಮೇಲೆ ಸೊಸೆಗೆ, "ಇಷ್ಟ ಏನ? ಇದಕ್ಕ ನಾ ಯಾಕ ಬ್ಯಾಡ ಅಂದ್ನಿ?" ಎಂದರು. ಈಗ ಅವರಿಗೆ ಮೊಣಕಾಲು ನೋವು, ನಾವೇ ಕುರ್ಚಿ ತರುತ್ತೇವೆ.

ಆದರೆ ಹೊರಗೆ ಕಾಲಿಟ್ಟರೆ ಹೊಡೆತ ಬೀಳುವ ಮನೆ ನಿಮ್ಮದಾದರೆ ದೀಪದ ಯೋಚನೆ ಬಿಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಅಥವಾ ನಮ್ಮಲ್ಲಿ ನಿಮಗೆ ಪರಿಚಯವಿರುವ ಒಬ್ಬರಿಗೆ ಹೇಳಿ. ಮೊದಲು ನಿಲ್ಲಬೇಕಾದದ್ದು ಆ ಹೊಡೆತ.

ನಮ್ಮ ಮನೆಯಲ್ಲಿ ಸೈನಿಕರಿದ್ದಾರೆ. ಇದು ಅವರಿಗೆ ಅವಮಾನವಲ್ಲವೇ?

ಬೆಳಗಾವಿಯಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ಸಾಧ್ಯವಿಲ್ಲ, ಹೋಗಲೂ ಬಾರದು. ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದು ನಮ್ಮ ಕ್ಯಾಂಪಿನಲ್ಲಿ. ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮಗ ಸೇನೆಯಲ್ಲಿರುವುದು ಮನೆಯ ಹೆಮ್ಮೆ, ಮನೆಯ ಸಂಬಳ, ಮನೆಯ ಆತಂಕ ಮೂರೂ ಹೌದು.

ನಾವು ಸೈನಿಕರ ವಿರುದ್ಧ ಎಂದೂ ನಿಂತಿಲ್ಲ. ಸತ್ತ ಸೈನಿಕರನ್ನೂ ನೆನೆಯುತ್ತೇವೆ. ಈಗ ಇಲ್ಲಿ ಕೇಂದ್ರವಿರುವ ರೆಜಿಮೆಂಟಿನ ಹಳೆಯ ಪಲ್ಟನ್ನುಗಳು ಮೊದಲ ಮಹಾಯುದ್ಧದಲ್ಲಿ ಈಗಿನ ಇರಾಕಿನ ಕೂತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದವು. ಐದು ತಿಂಗಳ ಹಸಿವಿನ ನಂತರ 1916ರ ಏಪ್ರಿಲ್ 29ರಂದು ಬ್ರಿಟಿಷ್ ಸೇನಾಪತಿ ಶರಣಾದ. ಸೆರೆ ಸಿಕ್ಕ ಸಿಪಾಯಿಗಳಲ್ಲಿ ಸಾವಿರಾರು ಮಂದಿ ನಡಿಗೆಯಲ್ಲಿ, ಬಿಸಿಲಲ್ಲಿ, ಕಾಯಿಲೆಯಲ್ಲಿ ಸತ್ತರು. ಆ ಯುದ್ಧ ಅವರ ಮನೆಯವರು ಕೇಳಿದ್ದಲ್ಲ. ಯುದ್ಧ ಬೇಡ ಎನ್ನುವವರೇ ಅವರನ್ನು ನೆನೆಯದಿದ್ದರೆ ಇನ್ನಾರು ನೆನೆಯಬೇಕು?

ನಿವೃತ್ತ ಹವಾಲ್ದಾರರೊಬ್ಬರು ನಮ್ಮ ಜೊತೆ ನಿಲ್ಲುತ್ತಾರೆ. ಎದೆಯ ಮೇಲೆ ಪದಕ ಹಾಕಿಕೊಂಡು, ಸಾವಧಾನದಲ್ಲಿ, ಅರ್ಧ ತಾಸೂ ಅಲುಗದೆ. ಯಾರೋ ಹುಡುಗರು ಅವರನ್ನು ಚುಚ್ಚಿ ಕೇಳಿದಾಗ ಅವರು ಕೊಟ್ಟ ಉತ್ತರ: "ನಾ ನೋಡೇನಿ ತಮ್ಮಾ. ನೀ ಟೀವ್ಯಾಗ ನೋಡಿ." ಅಷ್ಟೇ ಹೇಳಿ ಮತ್ತೆ ಸುಮ್ಮನಾದರು.

ಗಡಿಯಲ್ಲಿ ಬಿಸಿ ಏರಿದಾಗ ಟೀವಿಯವರಿಗೆ ಹಬ್ಬ. ಸೈನಿಕನ ಮನೆಯಲ್ಲಿ ಅವ್ವ ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತಾಳೆ, ಊಟ ಸೇರುವುದಿಲ್ಲ. 2025ರ ಮೇ ತಿಂಗಳಲ್ಲಿ ಕದನ ನಿಲ್ಲುವವರೆಗೂ ಆ ಮನೆಗಳು ಹೇಗಿದ್ದವು ಎಂದು ಅವರನ್ನೇ ಕೇಳಿ. ಆ ದಿನಗಳಲ್ಲಿ ಅವರ ಮನೆಗೆ ಹೋಗಿ ಕೂರುವುದು ಚೌಕದಲ್ಲಿ ನಿಲ್ಲುವುದಕ್ಕಿಂತ ಮುಖ್ಯ ಎಂದು ನಾನು ನಂಬಿದ್ದೇನೆ.

ಸೇವೆಯಲ್ಲಿರುವ ತಮ್ಮನೋ ಗಂಡನೋ ಬೇಡ ಎಂದರೆ ಬರಬೇಡಿ. ಅವರ ಕೆಲಸಕ್ಕೆ ತೊಡಕಾಗಬಹುದೆಂಬ ಅವರ ಅಳುಕಿಗೆ ಬೆಲೆ ಕೊಡಿ. ಮನೆಯ ಕಿಟಕಿಯಲ್ಲಿ ಒಂದು ಹಣತೆ ಇಟ್ಟರೆ ಸಾಕು.

ಗೆಳೆಯರು ಇದನ್ನು ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಜಗಳವಾಗಿದೆ. ಏನು ಮಾಡಲಿ?

ಮೊದಲ ಕೆಲಸ, ಗುಂಪಿನಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿ. ನೂರು ಜನ ನೋಡುತ್ತಿರುವಾಗ ಯಾರೂ ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಗೆಳತಿಯ ಮನೆಗೇ ಹೋಗಿ, ಚಹಾ ಕುಡಿಯಿರಿ, ಅವಳ ಮಗಳ ಕುಬಸದ ಸುದ್ದಿ ಕೇಳಿ. ಯುದ್ಧದ ಮಾತು ಅವಳೇ ಎತ್ತಿದರೆ ಮಾತಾಡಿ, ಎತ್ತದಿದ್ದರೆ ಬಿಡಿ.

ದೀಪ ಹಿಡಿದ ಫೋಟೋಗಳನ್ನು ಮನೆಯ ಗುಂಪು, ಶಾಲೆಯ ಹಳೆಯ ಗೆಳೆಯರ ಗುಂಪುಗಳಿಗೆ ಕಳಿಸುವುದು ನನಗೆ ಸರಿಕಾಣುವುದಿಲ್ಲ. ನಾನು ನಿಂತೆ, ನೀವು ನಿಲ್ಲಲಿಲ್ಲ ಎಂದು ಚುಚ್ಚಿದಂತೆ ಅದು ಮುಟ್ಟುತ್ತದೆ.

ನನ್ನ ಬಾಲ್ಯದ ಗೆಳತಿಯೊಬ್ಬಳಿಗೆ ನಾನು ಮಾಡುವುದು ಒಪ್ಪಿಗೆಯಿಲ್ಲ. ಶತ್ರುವಿಗೆ ಬಂದೂಕಿನ ಭಾಷೆಯೇ ತಿಳಿಯುವುದು ಎಂದು ಅವಳು ಮನಸಾರೆ ನಂಬಿದ್ದಾಳೆ, ಆ ಬಗ್ಗೆ ನಮ್ಮಿಬ್ಬರಲ್ಲಿ ಬಹಳ ವಾದವಾಗಿದೆ. ನಮ್ಮ ಅವ್ವ ಹಾಸಿಗೆ ಹಿಡಿದ ಮೇಲೆ ಸಂಜೆ ಹೊತ್ತು ಅವರನ್ನು ಒಬ್ಬರೇ ಬಿಡುವಂತಿರಲಿಲ್ಲ. ನಾನು ಹೋಗುವುದನ್ನು ಬಿಟ್ಟಿದ್ದೇನೆಂದು ಹೇಗೋ ತಿಳಿದು ಅವಳೇ ಬಂದಳು. "ನಿನ್ನ ದೀಪ ನಂಗೇನ್ ಒಪ್ಪಿಗಿ ಇಲ್ಲ. ಅವ್ವನ್ ಸಲುವಾಗಿ ಬಂದೀನಿ, ನೀ ಹೋಗಿ ಬಾ" ಎಂದಳು. ಈಗಲೂ ಬರುತ್ತಾಳೆ, ಅವ್ವನಿಗೆ ಗಂಜಿ ಕುಡಿಸುತ್ತಾಳೆ, ನಾನು ಮರಳಿದ ಮೇಲೆ ಮತ್ತೆ ವಾದಕ್ಕೆ ಕೂರುತ್ತಾಳೆ. ನಾವು ಅರ್ಧ ತಾಸು ಮಾತಿಲ್ಲದೆ ನಿಂತು ಕೇಳುವುದೆಲ್ಲ ಇದನ್ನೇ: ಒಪ್ಪದವರೂ ಒಬ್ಬರ ಅವ್ವನನ್ನು ಇನ್ನೊಬ್ಬರು ನೋಡಿಕೊಳ್ಳುವಂತಿರಬೇಕು.

ಇದಕ್ಕೆ ಊರಿನ ಮಟ್ಟದಲ್ಲೂ ಬೆಲೆ ಇದೆ. ಎಲ್ಲೋ ಕಲ್ಲು ಬಿತ್ತು, ಯಾರನ್ನೋ ಕೊಂದರು ಎಂಬ ಸುದ್ದಿ ಮೊಬೈಲಿಗೆ ಬಂದಾಗ ಆ ಗಲ್ಲಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ಕೇಳುವಷ್ಟು ಸಲಿಗೆ ಉಳಿದಿದ್ದರೆ ಎಷ್ಟೋ ಸುಳ್ಳುಗಳು ಅಲ್ಲೇ ಸಾಯುತ್ತವೆ. ಆ ಫೋನ್ ನಂಬರನ್ನು ಯಾವ ಸಿಟ್ಟಿನಲ್ಲೂ ಅಳಿಸಬೇಡಿ.

ನೀವು ಯಾರ ಪರ? ಅವರು ಸತ್ತಾಗ ನಿಲ್ಲುತ್ತೀರಿ, ಇವರು ಸತ್ತಾಗ ಎಲ್ಲಿರುತ್ತೀರಿ?

ಕೇಳಬೇಕಾದ ಪ್ರಶ್ನೆ. ಕೋಪದಿಂದ ಕೇಳಿದರೂ ಉತ್ತರ ಕೊಡಬೇಕಾದ ಪ್ರಶ್ನೆ.

2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು. ಆಮೇಲೆ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ, ಅವರಲ್ಲಿ ಮಕ್ಕಳು ಎಣಿಸಲಾರದಷ್ಟು. 2022ರ ಫೆಬ್ರುವರಿ 24ರಿಂದ ಉಕ್ರೇನ್. 2023ರ ಏಪ್ರಿಲ್‌ನಿಂದ ಸುಡಾನ್, ಅದರ ಸುದ್ದಿ ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ. 2023ರ ಮೇ ತಿಂಗಳಿಂದ ಮಣಿಪುರ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಕೊಂದ ಆ 26 ಜನ, ಎಷ್ಟೋ ಮಂದಿಯನ್ನು ಹೆಂಡತಿ ಮಕ್ಕಳ ಕಣ್ಣೆದುರೇ. ನಮ್ಮ ನಾಲ್ಕು ಸಾಲಿನಲ್ಲಿ ಇವರೆಲ್ಲರೂ ಬರಬೇಕು. ಎಲ್ಲ ಸಾವೂ ಒಂದೇ ಕಾರಣದಿಂದ ಆದವು ಎಂದು ನಾವು ಹೇಳುವುದಿಲ್ಲ. ಕೊಂದವನನ್ನು ಕೊಂದವನೆಂದೇ ಕರೆಯಬೇಕು, ಕೋರ್ಟಿನಲ್ಲಿ ಶಿಕ್ಷೆಯಾಗಬೇಕು. ಆದರೆ ಒಂದು ಮಗುವಿನ ಹೆಣ ನೋಡಿ ಮೊದಲು ಅದರ ಜಾತಿ ಕೇಳುವ ಗುಣ ನಮ್ಮ ಊರಿಗೆ ಬರಬಾರದು.

ಒಂದು ಕಡೆಯ ಸಾವಿಗೆ ಮಾತ್ರ ಬರುತ್ತೇನೆ ಎನ್ನುವವರೂ ಇದ್ದಾರೆ. ಅವರು ಬರಲಿ. ಬಂದವರಿಗೆ ಇನ್ನೊಂದು ಕಡೆಯ ಹೆಸರುಗಳೂ ಕೇಳಿಸುತ್ತವೆ.

ಫಲಕ ಕನ್ನಡದಲ್ಲೋ ಮರಾಠಿಯಲ್ಲೋ?

ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ, ಉರ್ದುವಿನಲ್ಲೂ ಇದೆ. ಬರೆದವರು ಅವರವರೇ. ಭಾಷೆಯ ಹೆಸರಿನಲ್ಲಿ ನಮ್ಮ ಊರು ಕಂಡ ಕಲ್ಲುತೂರಾಟ ಸಾಕು. ನವೆಂಬರ್ 1ರಂದು ಮಾತ್ರ ನಾವು ಎಲ್ಲೂ ನಿಲ್ಲುವುದಿಲ್ಲ. ಅಂದು ರಾಜ್ಯೋತ್ಸವದ ಜನಸಾಗರ ಒಂದು ಕಡೆ, ಕರಾಳ ದಿನದವರು ಇನ್ನೊಂದು ಕಡೆ, ಪೊಲೀಸರಿಗೆ ಉಸಿರಾಡಲು ಬಿಡುವಿಲ್ಲ.

ಮಕ್ಕಳನ್ನು ಕರೆತರಬಹುದೇ?

ತನ್ನಿ. ಆದರೆ ಯುದ್ಧದ ಚಿತ್ರ, ವಿಡಿಯೋ ತೋರಿಸಿ ಹೆದರಿಸಿ ಕರೆತರಬೇಡಿ. ಹಿರೋಶಿಮಾದ ಸಡಾಕೊ ಸಸಾಕಿಯ ಕಥೆ ಹೇಳಿ. ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಓಟದಲ್ಲಿ ಚುರುಕಾಗಿದ್ದ ಹುಡುಗಿ, ಸುಮಾರು ಹತ್ತು ವರ್ಷದ ಮೇಲೆ ವಿಕಿರಣದಿಂದ ಬಂದ ರಕ್ತದ ಕ್ಯಾನ್ಸರ್ ಹಿಡಿಯಿತು. ಆಸ್ಪತ್ರೆಯಲ್ಲಿ ಸಿಕ್ಕ ಸಿಕ್ಕ ಕಾಗದದಲ್ಲಿ, ಔಷಧಿಯ ಹೊದಿಕೆಯಲ್ಲಿ ಕೂಡ, ಕೊಕ್ಕರೆ ಮಡಿಸುತ್ತಾ 1955ರ ಅಕ್ಟೋಬರ್ 25ರಂದು, 12ನೇ ವಯಸ್ಸಿಗೆ ತೀರಿಕೊಂಡಳು. ಆಗಸ್ಟ್ 6ಕ್ಕೆ ಮುಂಚೆ ನಮ್ಮ ಮಕ್ಕಳು ಹಳೆಯ ಪತ್ರಿಕೆಯಲ್ಲಿ ಕೊಕ್ಕರೆ ಮಡಿಸುತ್ತಾರೆ. ಮಡಿಸುತ್ತ ಅವರು ಕೇಳುವ ಪ್ರಶ್ನೆಗಳಿಗೆ ಗೊತ್ತಿದ್ದಷ್ಟು ಉತ್ತರ ಕೊಡಿ.

ಚಿಕ್ಕ ಮಕ್ಕಳು ಅರ್ಧ ತಾಸು ಸುಮ್ಮನಿರುವುದಿಲ್ಲ. ಓಡಾಡಲಿ, ನಗಲಿ. ಯಾರೂ ಗದರಬಾರದು. ಪರೀಕ್ಷೆಯ ದಿನಗಳಲ್ಲಿ ಹತ್ತನೆಯ ಇಯತ್ತೆಯವರನ್ನು ಮನೆಯಲ್ಲೇ ಬಿಡಿ.

ಪೊಲೀಸ್ ಅನುಮತಿ ಬೇಕೇ?

ಆಯುಧವಿಲ್ಲದೆ ಶಾಂತವಾಗಿ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರ ಅದಕ್ಕೆ ನ್ಯಾಯವಾದ ಮಿತಿ ಹಾಕಬಹುದು. ಜನ ಗುಂಪು ಸೇರುವುದನ್ನು ತಡೆಯುವ ಆದೇಶದ ಹಳೆಯ ಸೆಕ್ಷನ್ 144 ಈಗ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 163 ಆಗಿದೆ. ಜನ ಈಗಲೂ 144 ಎಂದೇ ಹೇಳುತ್ತಾರೆ. ಆ ಆದೇಶ ಇದ್ದ ದಿನ ನಾವು ಸೇರುವುದಿಲ್ಲ, ಮನೆಮನೆಯಲ್ಲೇ ದೀಪ ಇಡುತ್ತೇವೆ.

ಉಳಿದ ದಿನ, ಮುಂಚಿತವಾಗಿ ಆ ಭಾಗದ ಪೊಲೀಸ್ ಠಾಣೆಗೆ ಅರ್ಜಿ ಕೊಡುತ್ತೇವೆ: ಜಾಗ, ಹೊತ್ತು, ಅಂದಾಜು ಎಷ್ಟು ಜನ, ಮೈಕ್ ಇಲ್ಲ ಎಂಬ ಮಾತು, ಇಬ್ಬರ ಹೆಸರು ಮತ್ತು ಫೋನ್. ಪ್ರತಿಯ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಂಡು ಅಂದು ಜೇಬಿನಲ್ಲಿ ಇಟ್ಟುಕೊಂಡಿರುತ್ತೇವೆ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ರಾಜ್ಯದ ಎಲ್ಲ ಕಡೆಯ ಹೋರಾಟಗಾರರೂ ಇಲ್ಲಿರುತ್ತಾರೆ, ಆಗ ದಿನ ಮುಂದೂಡುವುದು ಜಾಣತನ. ಚನ್ನಮ್ಮ ವೃತ್ತಕ್ಕಿಂತ ನಮಗೆ ಅಗಲವಾದ ಫುಟ್‌ಪಾತ್ ಇರುವ ರಸ್ತೆ ಇಷ್ಟ. ಆಂಬುಲೆನ್ಸಿಗೆ ದಾರಿ ಕಟ್ಟಿ ಶಾಂತಿ ಕೇಳುವುದು ಯಾವ ನ್ಯಾಯ?

ಸರ್ಕಾರಿ ನೌಕರರು ಬರಬಹುದೇ?

ನಿಮ್ಮ ಇಲಾಖೆಯ ನಡತೆ ನಿಯಮ ಓದಿ, ಅನುಮಾನವಿದ್ದರೆ ಮೇಲಧಿಕಾರಿಯನ್ನು ಕೇಳಿ, ಆಮೇಲೆ ನಿರ್ಧರಿಸಿ. ಒತ್ತಾಯವಿಲ್ಲ.

ಫೋಟೋ ತೆಗೆಯುತ್ತಾರೆಯೇ?

ಕೇಳದೆ ಯಾರೂ ಯಾರ ಫೋಟೋವನ್ನೂ ತೆಗೆಯಬಾರದು. ಪತ್ರಿಕೆಯವರು ಬಂದರೆ ಮೊದಲೇ ಹೇಳುತ್ತೇವೆ. ಮುಖ ಬರುವುದು ಬೇಡ ಎನ್ನುವವರು ಹಿಂದಿನ ಸಾಲಿಗೆ ಹೋಗಬಹುದು.

ಮಳೆಯಲ್ಲಿ ದೀಪ ಉಳಿಯುತ್ತದೆಯೇ?

ಆಗಸ್ಟ್ 6 ಎಂದರೆ ಬೆಳಗಾವಿಯಲ್ಲಿ ನಟ್ಟ ಮಳೆಗಾಲ. ತೆರೆದ ಮೇಣದ ಬತ್ತಿ ಎರಡು ನಿಮಿಷ ಉಳಿಯುವುದಿಲ್ಲ. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತನ್ನಿ, ತಳಕ್ಕೆ ಒಂದು ಹಿಡಿ ಉಸುಕು ಹಾಕಿ ಬತ್ತಿ ಊರಿ. ಬಾಟಲಿ ಬಿಸಿಯಾಗುತ್ತದೆ, ಮಕ್ಕಳ ಕೈಗೆ ಬ್ಯಾಟರಿ ದೀಪ ಕೊಡಿ. ಸೀರೆಯ ಸೆರಗು, ದುಪಟ್ಟಾ, ಬುರ್ಖಾ ಜೋಪಾನ. ಮುಗಿದ ಮೇಲೆ ಕೆಳಗೆ ಬಿದ್ದ ಮೇಣ ಕೆರೆದು ತೆಗೆಯಿರಿ, ಬೆಳಿಗ್ಗೆ ಪೌರಕಾರ್ಮಿಕರಿಗೆ ಅದು ಬೇಡದ ಕೆಲಸ.

ಯಾರಾದರೂ ಬಂದು ಬೈದರೆ?

ಉತ್ತರ ಕೊಡಬೇಡಿ. ನಮ್ಮಲ್ಲಿ ಒಬ್ಬರು ಆ ಕೆಲಸಕ್ಕೆಂದೇ ಸಾಲಿನ ಹೊರಗೆ ನಿಂತಿರುತ್ತಾರೆ. ಅವರು ಹೋಗಿ "ಬರ್ರಿ ಅಣ್ಣಾರ, ಈ ಕಡೆ ನಿಂತು ಮಾತಾಡೂಣು" ಎಂದು ಪಕ್ಕಕ್ಕೆ ಕರೆಯುತ್ತಾರೆ. ಬೈದವರ ವಿಡಿಯೋ ಮಾಡಿ ಹರಿಬಿಡುವುದಂತೂ ಪೂರ್ತಿ ನಿಷಿದ್ಧ. ಅವರಿಗೂ ಹೆಂಡತಿ, ಮಕ್ಕಳು, ಕೆಲಸ ಇವೆ. ಕೈ ಮಾಡಿದರೆ ಮಾತ್ರ ಪೊಲೀಸರಿಗೆ ಹೇಳುತ್ತೇವೆ.

ಇದರಿಂದ ಯಾವ ಯುದ್ಧವಾದರೂ ನಿಂತಿದೆಯೇ?

ಲೈಪ್‌ಜಿಗ್ ಕಥೆ ಹೇಳಿದೆ. ಇನ್ನೊಂದನ್ನೂ ಹೇಳಬೇಕು. 2003ರ ಫೆಬ್ರುವರಿ 15ರಂದು ಇರಾಕ್ ಯುದ್ಧ ಬೇಡವೆಂದು ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಐದು ವಾರದೊಳಗೆ, ಮಾರ್ಚ್ 20ರಂದು ಯುದ್ಧ ಶುರುವಾಯಿತು. ಬೆಲ್‌ಗ್ರೇಡಿನ ಮಹಿಳೆಯರು ನಿಂತಿದ್ದಾಗಲೇ ಪಕ್ಕದ ಬೋಸ್ನಿಯಾದಲ್ಲಿ ಸರಾಯೆವೊ ನಗರ ಮುತ್ತಿಗೆಯಲ್ಲಿತ್ತು, 1995ರಲ್ಲಿ ಅಲ್ಲಿಯದೇ ಸ್ರೆಬ್ರೆನಿತ್ಸಾದ ಕಗ್ಗೊಲೆ ನಡೆಯಿತು. ಹಾಗಾಗಿ ನಮ್ಮ ಟಿಳಕವಾಡಿಯ ದೀಪ ಯಾವ ಬಾಂಬನ್ನಾದರೂ ತಡೆಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳಬಲ್ಲೆ. ಇಲ್ಲಿ ನಿಂತು ಪರಿಚಯವಾದ ಶಹಾಪುರದ ಮನೆಯೂ ಆಜಮ್ ನಗರದ ಮನೆಯೂ ಈಗ ಮದುವೆಗೆ ಕರೆಯುತ್ತವೆ, ಆಸ್ಪತ್ರೆಗೆ ಡಬ್ಬಿ ಒಯ್ಯುತ್ತವೆ, ರಕ್ತ ಬೇಕೆಂದರೆ ರಾತ್ರಿ ಎದ್ದು ಬರುತ್ತವೆ. ಊರಲ್ಲಿ ಗಾಳಿಸುದ್ದಿ ಎದ್ದಾಗ ಈ ಮನೆಗಳವರು ಪರಸ್ಪರ ಫೋನ್ ಮಾಡುತ್ತಾರೆ. ಇದು ಸಣ್ಣದೆಂದು ನನಗೆ ಅನ್ನಿಸಿಲ್ಲ.

ಪ್ರತಿ ತಿಂಗಳು ಬರಲಾಗದಿದ್ದರೆ?

ಬರಬೇಡಿ. ಮನೆಯಲ್ಲಿ ಕಾಯಿಲೆ, ಹೆರಿಗೆ, ಸಾವು, ಸುಗ್ಗಿ ಇದ್ದಾಗ ಅದೇ ಮೊದಲು. ವರ್ಷಕ್ಕೊಂದು ಸಲ ಬರುವವರೂ ಇದ್ದಾರೆ. ಹಾಜರಿ ಪುಸ್ತಕ ಇಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಬಹಳ ದಿನ ಕಾಣದಿದ್ದರೆ ಆರೋಗ್ಯ ಹೇಗಿದೆ ಎಂದು ಕೇಳುತ್ತೇವೆ, ಅಷ್ಟೇ.

ಮೊದಲ ಸಲ ಬರುತ್ತಿದ್ದೇನೆ, ಯಾರೂ ಪರಿಚಯವಿಲ್ಲ.

ಬಾಟಲಿ, ಬತ್ತಿ ಇಲ್ಲದಿದ್ದರೂ ಬನ್ನಿ, ಒಂದೆರಡು ಹೆಚ್ಚಿಗೆ ಇರುತ್ತವೆ. ಮಳೆಗಾಲವಾದರೆ ಛತ್ರಿ ತನ್ನಿ, ಕುಡಿಯುವ ನೀರು ಇರಲಿ, ಮೊಬೈಲ್ ಸದ್ದು ಬಂದ್ ಮಾಡಿ. ಸಾಲಿನ ಯಾವ ತುದಿಯಲ್ಲಾದರೂ ನಿಲ್ಲಬಹುದು. ಕಾಲು ನೋಯುವವರಿಗೆ ಕುರ್ಚಿ ಇದೆ, ಕೇಳಲು ಸಂಕೋಚ ಬೇಡ. ಮುಗಿದ ಮೇಲೆ ಚಹಾಕ್ಕೆ ನಿಲ್ಲಿ, ಆ ದಿನದ ಚಹಾ ಹೊಸದಾಗಿ ಬಂದವರಿಗೆ ನಮ್ಮ ಕಡೆಯಿಂದ.